ಕ್ಯಾನ್ಸರ್ ಸಂಶೋಧನೆಗೆ ನಿಧಿ ಕೂಡಿಸುವ ಸೈಕಲ್ ಯಾತ್ರೆ: ವಿದ್ಯಾರ್ಥಿ ತಂಡದ ತಯಾರಿ ಹೇಗಿರಬೇಕು?

ದೂರದ ಸೈಕಲ್ ಯಾತ್ರೆಯ ಮಾತು ಬಂದರೆ ಸಾಕು, ವಿದ್ಯಾರ್ಥಿಗಳು ಮೊದಲು ನಕ್ಷೆ ತೆರೆದು ಕೂರುತ್ತಾರೆ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಜೆರ್ಸಿಗೆ ಯಾವ ಬಣ್ಣ ಎಂಬುದರಲ್ಲೇ ಸಂಜೆಗಳು ಕಳೆಯುತ್ತವೆ. ಕೂಡಿಸಿದ ದುಡ್ಡು ಯಾರಿಗೆ, ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಏಳುವುದು ಎಲ್ಲ ಮುಗಿದ ಮೇಲೆ. ಈ ಕ್ರಮ ತಿರುಗುಮುರುಗಾಗಬೇಕು. ದುಡ್ಡಿನ ದಾರಿ ಗೊತ್ತಾದ ಮೇಲೆಯೇ ಸೈಕಲ್ಲಿನ ದಾರಿ ನೋಡಬೇಕು.

ವಿದ್ಯಾರ್ಥಿಗಳಿಂದ ಇದು ಆಗುವ ಕೆಲಸವೇ ಎಂಬ ಅನುಮಾನ ಬೇಡ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2004ರಲ್ಲಿ ಆರಂಭಿಸಿದ ‘ಟೆಕ್ಸಾಸ್ 4000’ ಯಾತ್ರೆ ಆಸ್ಟಿನ್‌ನಿಂದ ಹೊರಟು ಅಲಾಸ್ಕದ ಆಂಕರೇಜ್ ಮುಟ್ಟುತ್ತದೆ. ದೂರ 4,000 ಮೈಲಿಗೂ ಹೆಚ್ಚು, ಹಿಡಿಯುವ ಕಾಲ ಸುಮಾರು 70 ದಿನ. ಇಲಿನಾಯ್ ವಿಶ್ವವಿದ್ಯಾಲಯದ ‘ಇಲೈನೈ 4000’ ತಂಡದವರು ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ತುಳಿಯುತ್ತಾರೆ. ಇವರಲ್ಲಿ ಬಹುತೇಕರು ಸ್ಪರ್ಧಾಳುಗಳಲ್ಲ, ಸಾಮಾನ್ಯ ವಿದ್ಯಾರ್ಥಿಗಳು. ಅವರನ್ನು ಗುರಿ ಮುಟ್ಟಿಸುವುದು ಹೊರಡುವ ಮುಂಚಿನ ತಿಂಗಳುಗಳ ತಯಾರಿ.

ಮೊದಲ ಹೆಜ್ಜೆ: ದುಡ್ಡು ಯಾರಿಗೆ?

‘ಕ್ಯಾನ್ಸರ್‌ಗಾಗಿ’ ಎಂದಷ್ಟೇ ಹೇಳಿ ದುಡ್ಡು ಎತ್ತಬೇಡಿ. ಬಡ ರೋಗಿಯ ಚಿಕಿತ್ಸೆಯ ವೆಚ್ಚ ಭರಿಸುವುದು ಒಂದು ಕೆಲಸ, ಪ್ರಯೋಗಾಲಯದ ಸಂಶೋಧನೆ ಇನ್ನೊಂದು, ಹೊಸ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡುವುದು ಮತ್ತೊಂದು. ದಾನಿಯ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯದು. ನೀವು ಕೇಳುತ್ತಿರುವುದು ಸಂಶೋಧನೆಗೆ ಎಂದಾದರೆ ಅದನ್ನು ಬಿಡಿಸಿ ಹೇಳುವುದು ನಿಮ್ಮ ಜವಾಬ್ದಾರಿ. ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲ, ಇನ್ನೂರಕ್ಕೂ ಹೆಚ್ಚು ಬಗೆಯ ಕಾಯಿಲೆಗಳಿಗೆ ಸೇರಿ ಇರುವ ಹೆಸರು. ಮಕ್ಕಳ ಕ್ಯಾನ್ಸರೋ, ರಕ್ತದ ಕ್ಯಾನ್ಸರೋ, ಯಾವುದಾದರೂ ಒಂದನ್ನು ಆರಿಸಿಕೊಂಡರೆ ಮಾತಿಗೂ ತೂಕ ಬರುತ್ತದೆ.

ಸಂಸ್ಥೆಯನ್ನು ಆರಿಸಿದ ಮೇಲೆ ಅಲ್ಲಿನ ದೇಣಿಗೆ ವಿಭಾಗದವರನ್ನು ಮುಖತಃ ಕಂಡು ಮಾತಾಡಿ. ಹಣ ಯಾವ ನಿಧಿಗೆ ಸೇರುತ್ತದೆ, ರಸೀದಿ ಯಾರು ಕೊಡುತ್ತಾರೆ, ಸಂಸ್ಥೆಯ ಹೆಸರು ಮತ್ತು ಲಾಂಛನ ಬಳಸಬಹುದೇ, ವರ್ಷದ ಕೊನೆಗೆ ಖರ್ಚಿನ ವಿವರ ಕೊಡುತ್ತಾರೆಯೇ ಎಂಬುದನ್ನೆಲ್ಲ ಬರವಣಿಗೆಯಲ್ಲೇ ಪಡೆಯಿರಿ. ಸಾಧ್ಯವಿದ್ದರೆ ದಾನಿಯ ಹಣ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ. ವಿದ್ಯಾರ್ಥಿಗಳ ಕೈಗೆ ನಗದು ಬಂದಷ್ಟೂ ತಲೆನೋವು.

ಎರಡು ಖಾತೆ, ಇಬ್ಬರ ಸಹಿ

ದೇಣಿಗೆಯ ಹಣ ಬೇರೆ, ಯಾತ್ರೆಯ ಖರ್ಚಿನ ಹಣ ಬೇರೆ. ಟೈರು, ಊಟ, ವಾಹನದ ಇಂಧನ, ವಿಮೆ ಇವೆಲ್ಲ ಖರ್ಚಿನ ಖಾತೆಯಿಂದಲೇ ಹೋಗಬೇಕು. ಆ ಖಾತೆಗೆ ಪ್ರಾಯೋಜಕರು ಕೊಟ್ಟದ್ದು, ಸವಾರರೇ ಹಾಕಿದ ಪ್ರವೇಶ ಶುಲ್ಕ ಸೇರಲಿ. ಅಮೆರಿಕದಲ್ಲಿ 1980ರಲ್ಲಿ 36 ಸವಾರರಿಂದ ಶುರುವಾದ ‘ಪ್ಯಾನ್-ಮ್ಯಾಸ್ ಚಾಲೆಂಜ್’ ಇವತ್ತು ಬಹುದೊಡ್ಡ ನಿಧಿ ಸಂಗ್ರಹ ಯಾತ್ರೆಯಾಗಿದೆ. ಸವಾರರು ಕೂಡಿಸಿದ ದೇಣಿಗೆಯನ್ನು ಅದು ಪೂರ್ತಿಯಾಗಿ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಒಪ್ಪಿಸುತ್ತದೆ. ‘ನಾನು ಕೊಟ್ಟ ದುಡ್ಡಲ್ಲಿ ನೀವು ಊರು ಸುತ್ತುತ್ತೀರಾ?’ ಎಂದು ದಾನಿ ಕೇಳಿಯೇ ಕೇಳುತ್ತಾನೆ. ಆಗ ತಡವರಿಸದೆ ‘ಇಲ್ಲ’ ಎನ್ನಲು ಈ ವಿಂಗಡಣೆ ಬೇಕು.

ಲೆಕ್ಕ ಬರೆಯುವವರು ತಂಡದ ನಾಯಕರಾಗಿರಬಾರದು. ಯಾವ ಪಾವತಿಗೂ ಇಬ್ಬರ ಸಹಿ ಇರಲಿ, ಅದರಲ್ಲಿ ಒಬ್ಬರು ಅಧ್ಯಾಪಕರಾದರೆ ಒಳ್ಳೆಯದು. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಎನಿಸಬಹುದು. ಸ್ನೇಹ ಉಳಿಯಲಿ ಎಂದೇ ಇದು ಬೇಕು.

ಕೇಳುವುದು ಹೇಗೆ?

ಪ್ರತಿ ಸವಾರನೂ ಐವತ್ತು ಹೆಸರುಗಳ ಪಟ್ಟಿ ಬರೆಯಲಿ. ಮನೆಯವರು, ನೆಂಟರು, ಹಳೆಯ ಮೇಷ್ಟ್ರುಗಳು, ನೆರೆಹೊರೆಯವರು ಎಲ್ಲರೂ ಇರಲಿ. ಎಲ್ಲರಿಗೂ ಒಂದೇ ಸಂದೇಶ ಕಳಿಸಿ ಕೈಕಟ್ಟಿ ಕೂತರೆ ಉತ್ತರ ಬರುವುದಿಲ್ಲ. ಹೆಸರು ಹಿಡಿದು ಬರೆಯಿರಿ, ಇಷ್ಟು ಕೊಡಬಹುದೇ ಎಂದು ಮೊತ್ತ ಹೇಳಿ ಕೇಳಿ. ‘ನಿಮ್ಮಿಂದಾದಷ್ಟು’ ಎಂದರೆ ಕೇಳಿಸಿಕೊಂಡವರು ಎಷ್ಟು ಕೊಡುವುದೆಂದು ಯೋಚಿಸುತ್ತಲೇ ಮರೆತುಬಿಡುತ್ತಾರೆ. ಕಿಲೋಮೀಟರಿಗೆ ಇಷ್ಟು ಎಂಬ ಮಾತು ಹಲವರಿಗೆ ಹಿಡಿಸುತ್ತದೆ. ಕೊಟ್ಟವರಿಗೆ ಎರಡು ದಿನದೊಳಗೆ ಕೃತಜ್ಞತೆ ತಲುಪಬೇಕು.

‘ಇಷ್ಟು ವರ್ಷದಿಂದ ಸಂಶೋಧನೆ ಅಂತೀರಿ, ಏನಾಯಿತು?’ ಎನ್ನುವವರೂ ಸಿಗುತ್ತಾರೆ. ಸಿಟ್ಟಾಗಬೇಡಿ, ಅದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಒಂದು ಉದಾಹರಣೆ ಸಿದ್ಧವಿರಲಿ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತ ಕ್ಯಾನ್ಸರ್ ರೋಗಿಗಳ ಜೀವಕೋಶದಲ್ಲಿ ಸಹಜಕ್ಕಿಂತ ಚಿಕ್ಕದಾದ ಕ್ರೋಮೊಸೋಮ್ (ವರ್ಣತಂತು) ಒಂದನ್ನು ಕಂಡರು. ಅದು ಯಾಕೆ ಚಿಕ್ಕದು ಎಂಬುದು ಆಗ ತಿಳಿಯಲಿಲ್ಲ. 9 ಮತ್ತು 22ನೇ ಕ್ರೋಮೊಸೋಮ್‌ಗಳ ತುಣುಕುಗಳು ಅದಲುಬದಲಾಗಿವೆ ಎಂದು ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ. ಆ ಅದಲುಬದಲಿನಿಂದ ಹುಟ್ಟುವ ಪ್ರೋಟೀನಿಗೆ ತಡೆ ಹಾಕುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಅಂದರೆ ನಾಲ್ಕು ದಶಕ. ಆದರೆ ಆ ಮಾತ್ರೆ ಬಂದ ಮೇಲೆ, ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುತ್ತಿದ್ದ ಕಾಯಿಲೆಯನ್ನು ಹೆಚ್ಚಿನವರು ಮಾತ್ರೆ ನುಂಗುತ್ತಾ ನಿಭಾಯಿಸುವಂತಾಯಿತು. ನಿಮ್ಮ ದೇಣಿಗೆ ಈ ನಲವತ್ತು ವರ್ಷಗಳಲ್ಲಿ ಯಾವುದೋ ಒಂದು ವರ್ಷದ ಕೆಲಸಕ್ಕೆ ಸಲ್ಲುತ್ತದೆ ಎಂದು ಹೇಳಿ. ನಾಳೆಯೇ ಮದ್ದು ಸಿಗುತ್ತದೆ ಎಂದು ಮಾತ್ರ ಯಾರಿಗೂ ಹೇಳಬೇಡಿ.

ದಾರಿಯ ಊರುಗಳಿಗೆ ಮುಂಚೆಯೇ ಸುದ್ದಿ ಮುಟ್ಟಿಸುವುದೂ ಅಷ್ಟೇ ಮುಖ್ಯ. ಮೂಳೆ ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಕೆನಡಾದ ತರುಣ ಟೆರ್ರಿ ಫಾಕ್ಸ್ 1980ರ ಏಪ್ರಿಲ್ 12ರಂದು ಕೃತಕ ಕಾಲು ಕಟ್ಟಿಕೊಂಡು ದೇಶದ ಉದ್ದಕ್ಕೂ ಓಡಲು ಹೊರಟಾಗ ಶುರುವಿನಲ್ಲಿ ಎಷ್ಟೋ ಕಡೆ ಗಮನಿಸುವವರೇ ಇರಲಿಲ್ಲ. ಒಂಟಾರಿಯೊದಲ್ಲಿ ಕೆನಡಿಯನ್ ಕ್ಯಾನ್ಸರ್ ಸೊಸೈಟಿಯವರು ಮುಂದಾಗಿ ಊರೂರಲ್ಲಿ ಸ್ವಾಗತ ಏರ್ಪಡಿಸಿದ ಮೇಲೆ ಜನ ಕಿಕ್ಕಿರಿದರು. 143 ದಿನ, 5,373 ಕಿ.ಮೀ. ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ಅವರು ನಿಲ್ಲಬೇಕಾಯಿತು. ಅವರಷ್ಟು ದೊಡ್ಡ ಸಂಕಲ್ಪಕ್ಕೂ ಮುಂದೆ ಹೋಗಿ ಬಾಗಿಲು ತಟ್ಟುವವರು ಬೇಕಾಗಿತ್ತು. ನಿಮ್ಮ ತಂಡದಲ್ಲಿ ಸೈಕಲ್ ಏರದ ಇಬ್ಬರು ಈ ಕೆಲಸಕ್ಕೇ ಇರಲಿ.

ದಾರಿ ಮತ್ತು ದಿನದ ದೂರ

ಈಗ ನಕ್ಷೆ ತೆರೆಯಬಹುದು. ಹೊಸಬರಿರುವ ತಂಡಕ್ಕೆ ದಿನಕ್ಕೆ 80ರಿಂದ 110 ಕಿ.ಮೀ. ಸಾಕು. ಗಂಟೆಗೆ 18 ಕಿ.ಮೀ. ವೇಗ ಹಿಡಿದರೂ 110 ಕಿ.ಮೀ.ಗೆ ಆರು ಗಂಟೆ ಸೀಟಿನ ಮೇಲೇ ಕಳೆಯಬೇಕು. ಊಟ, ಪಂಕ್ಚರು, ದಣಿವು ಸೇರಿದರೆ ಎಂಟೊಂಬತ್ತು ಗಂಟೆ. ದಿಬ್ಬಗಳಿರುವ ದಿನ ದೂರ ಇಳಿಸಿ, ನಕ್ಷೆಯ ಮೇಲಿನ ಕಿಲೋಮೀಟರ್ ಏರಿನ ಕಷ್ಟ ಹೇಳುವುದಿಲ್ಲ. ಆರೇಳು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಇರಲಿ. ನಸುಕಿನಲ್ಲೇ ಹೊರಟು ಬಿಸಿಲೇರುವ ಮುನ್ನ ಹೆಚ್ಚಿನ ದೂರ ಮುಗಿಸಬೇಕು, ಕತ್ತಲಾದ ಮೇಲೆ ಯಾರೂ ತುಳಿಯಬಾರದು. ಸಾಧ್ಯವಾದರೆ ಇಡೀ ದಾರಿಯನ್ನು ಒಮ್ಮೆ ವಾಹನದಲ್ಲಿ ನೋಡಿ ಬನ್ನಿ.

ಮೈ ಒಗ್ಗಿಸುವುದು

ಕನಿಷ್ಠ ನಾಲ್ಕು ತಿಂಗಳು ಬೇಕು. ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತನೇ ಒಂದು ಪಾಲಿನಷ್ಟೇ ಏರಿಸುತ್ತಾ ಹೋಗಿ, ನಾಲ್ಕನೇ ವಾರ ಸ್ವಲ್ಪ ಇಳಿಸಿ. ಒಂದು ದಿನ 100 ಕಿ.ಮೀ. ತುಳಿಯುವುದನ್ನು ಅನೇಕರು ಮಾಡಿಯಾರು. ಮರುದಿನ ಎದ್ದು ಅದೇ ಕಾಲಲ್ಲಿ, ಅದೇ ಸೀಟಿನ ಮೇಲೆ ಮತ್ತೆ ಕೂರುವುದೇ ಯಾತ್ರೆ. ಆದ್ದರಿಂದ ಶನಿವಾರ, ಭಾನುವಾರ ಬೆನ್ನುಬೆನ್ನಿಗೆ ದೂರ ತುಳಿಯುವ ಅಭ್ಯಾಸ ಬೇಕು. ಹೊರಡುವ ಹಿಂದಿನ ವಾರ ಕಾಲಿಗೆ ಬಿಡುವು ಕೊಡಿ.

ಸೀಟಿನ ಎತ್ತರ ಸರಿಯಿಲ್ಲದೆ ಮಂಡಿ ಕೆಡಿಸಿಕೊಳ್ಳುವವರು ಬಹಳ. ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಮಂಡಿಯ ಮುಂದೆ ನೋವಾದರೆ ಸೀಟು ತಗ್ಗಿರಬಹುದು, ಹಿಂದೆ ನೋವಾದರೆ ಎತ್ತರವಿರಬಹುದು. ಬದಲಿಸುವಾಗ ಒಮ್ಮೆಗೆ ಕೆಲವೇ ಮಿಲಿಮೀಟರ್.

ಸೀಟಿನ ಹುಣ್ಣಿನ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ, ಯಾತ್ರೆ ನಿಲ್ಲಿಸುವುದು ಮಾತ್ರ ಬಹಳ ಸಲ ಅದೇ. ಪ್ಯಾಡ್ ಇರುವ ಚಡ್ಡಿಯನ್ನು ಒಳಉಡುಪಿಲ್ಲದೆ ಹಾಕಬೇಕು, ದಿನಾ ಒಗೆದದ್ದನ್ನೇ ಹಾಕಬೇಕು, ಆ ದಿನದ ಸವಾರಿ ಮುಗಿದ ಕೂಡಲೇ ಬೆವರಿದ್ದನ್ನು ಕಳಚಬೇಕು. ತಂಡದ ಮೊದಲ ಸಭೆಯಲ್ಲೇ ಹುಡುಗ ಹುಡುಗಿಯರೆಲ್ಲರಿಗೂ ಇದನ್ನು ನಾಚಿಕೆಯಿಲ್ಲದೆ ಹೇಳಿಬಿಡಿ.

ತಿನ್ನುವುದು, ಕುಡಿಯುವುದು ಹಸಿವು ಬಾಯಾರಿಕೆ ಬರುವ ಮುಂಚೆಯೇ ಶುರುವಾಗಲಿ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆಯ ಅಂಶ, ಒಂದು ಬಾಟಲಿಯಷ್ಟು ನೀರು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ದಿನವಿಡೀ ಬರಿ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು. ನೀರಿನ ಜೊತೆ ಉಪ್ಪಿನಂಶವೂ ಹೋಗಲಿ.

ಸೈಕಲ್

ದುಬಾರಿ ಸೈಕಲ್ ಬೇಕಿಲ್ಲ. 28ರಿಂದ 35 ಮಿ.ಮೀ. ಅಗಲದ ಟೈರು, ಏರಿಗೆ ಹಗುರ ಗೇರು, ಹಿಡಿದರೆ ನಿಲ್ಲುವ ಬ್ರೇಕು ಇದ್ದರಾಯಿತು. ಪಂಕ್ಚರ್ ಹಾಕಲು, ಟ್ಯೂಬ್ ಬದಲಿಸಲು ಬಾರದವರನ್ನು ಕರೆದೊಯ್ಯಬೇಡಿ, ಮೊದಲು ಕಲಿಸಿ. ಎಲ್ಲರ ಬಳಿಯೂ ಎರಡು ಟ್ಯೂಬ್, ಟೈರ್ ಲಿವರ್, ಪಂಪು ಇರಬೇಕು. ಹಿಂದಿನ ಗೇರನ್ನು ಹಿಡಿದಿರುವ ಪುಟ್ಟ ಹ್ಯಾಂಗರ್ ಸೈಕಲ್ ಬಿದ್ದರೆ ಬಾಗುತ್ತದೆ, ಮುರಿಯುತ್ತದೆ. ಒಂದು ಸೈಕಲ್ಲಿನದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಅದರ ಬಿಡಿ ಸಿಗುವುದೂ ಕಷ್ಟ, ಹಾಗಾಗಿ ತಮ್ಮದನ್ನು ತಾವೇ ಒಯ್ಯಬೇಕು. ಹಿಂದಿನ ಚಕ್ರಕ್ಕೆ ನಾಲ್ಕಾರು ಬಿಡಿ ಸ್ಪೋಕ್‌ಗಳೂ ಜೊತೆಗಿರಲಿ.

ರಸ್ತೆಯ ಶಿಸ್ತು

ಇಪ್ಪತ್ತು ಜನ ಒಟ್ಟಾಗಿ ಹೋಗುವುದು ಫೋಟೊಗೆ ಚೆನ್ನ, ರಸ್ತೆಗಲ್ಲ. ನಾಲ್ಕರಿಂದ ಆರು ಜನರ ಗುಂಪು ಮಾಡಿ, ಗುಂಪುಗಳ ನಡುವೆ ಲಾರಿಯೊಂದು ದಾಟಿ ಒಳಸೇರುವಷ್ಟು ಅಂತರ ಬಿಡಿ. ಒಬ್ಬರ ಹಿಂದೆ ಒಬ್ಬರು. ಮುಂದಿನವರ ಮರೆಯಲ್ಲಿ ತುಳಿದರೆ ಎದುರುಗಾಳಿಯ ಹೊಡೆತ ತಗ್ಗಿ ಶ್ರಮ ಬಹಳ ಉಳಿಯುತ್ತದೆ, ನಿಜ. ಆದರೆ ನಿಮ್ಮ ಮುಂಚಕ್ರ ಅವರ ಹಿಂಚಕ್ರದ ಪಕ್ಕಕ್ಕೆ ಬಂತೋ, ಅವರು ತುಸು ಸರಿದರೂ ಬೀಳುವುದು ನೀವೇ. ಗುಂಡಿ, ಜಲ್ಲಿ, ಹಿಂದೆ ವಾಹನ ಎಂಬುದನ್ನೆಲ್ಲ ಕೈಸನ್ನೆಯಲ್ಲೂ ಕೂಗಿಯೂ ದಾಟಿಸಬೇಕು. ಹೆಲ್ಮೆಟ್ ಕಡ್ಡಾಯ. ಹಿಂಬದಿಯ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಬೆಂಬಲ ವಾಹನ ಸವಾರರ ಬೆನ್ನ ಹಿಂದೆ ಆಮೆಗತಿಯಲ್ಲಿ ಬರುವುದು ರಕ್ಷಣೆಯೆಂದು ಹಲವರ ನಂಬಿಕೆ. ವೇಗವಾಗಿ ಬರುವ ಉಳಿದ ವಾಹನಗಳಿಗೆ ಅದೇ ಅಡ್ಡಿಯಾಗುತ್ತದೆ. ಅದು 30 ಕಿ.ಮೀ. ಮುಂದೆ ಹೋಗಿ ರಸ್ತೆಯಿಂದ ಇಳಿದು ನೀರು, ತಿಂಡಿ ಇಟ್ಟುಕೊಂಡು ಕಾಯಲಿ. ಎಲ್ಲರಿಗಿಂತ ಕೊನೆಗೆ ಬರುವ ಸವಾರ ಅನುಭವಿಯಾಗಿರಬೇಕು, ಉಪಕರಣ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಫೋನು ಅವರ ಬಳಿ ಇರಬೇಕು. ಮಳೆ, ಸಿಡಿಲು, ಯಾರದೋ ಜ್ವರ ಎಂದಾಗ ಇವತ್ತಿನ ಸವಾರಿ ನಿಲ್ಲಿಸಿ ಎನ್ನುವ ಅಧಿಕಾರ ಯಾರದು ಎಂಬುದು ಹೊರಡುವ ಮುಂಚೆಯೇ ತೀರ್ಮಾನವಾಗಲಿ. ಒಂದು ದಿನ ವಾಹನ ಏರಿದವರನ್ನು ಆಡಿಕೊಳ್ಳುವ ತಂಡದಲ್ಲಿ ಎಲ್ಲರೂ ನೋವು ಮುಚ್ಚಿಡತೊಡಗುತ್ತಾರೆ.

ರೋಗಿಗಳ ಎದುರು

ದಾರಿಯಲ್ಲಿ ಆಸ್ಪತ್ರೆಗೋ ರೋಗಿಗಳ ಮನೆಗೋ ಹೋಗುವುದಿದ್ದರೆ ಮುಂಚೆಯೇ ಅನುಮತಿ ಪಡೆಯಿರಿ. ಚಿಕಿತ್ಸೆಯಲ್ಲಿರುವವರ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ನೆಗಡಿ ಕೆಮ್ಮು ಇರುವ ಸವಾರರು ಹೊರಗೇ ಉಳಿಯಲಿ. ಕೇಳದೆ ಫೋಟೊ ತೆಗೆಯಬೇಡಿ, ಯಾರ ಹೆಸರನ್ನೂ ಒಪ್ಪಿಗೆಯಿಲ್ಲದೆ ಜೆರ್ಸಿಯ ಮೇಲೆ ಬರೆಯಬೇಡಿ. ‘ಹೋರಾಡಿ, ಗೆಲ್ಲುತ್ತೀರಿ’ ಎನ್ನುವುದು ನಮಗೆ ಧೈರ್ಯದ ಮಾತೆನಿಸಬಹುದು. ಹಾಗಾದರೆ ತೀರಿಕೊಂಡವರು ಹೋರಾಡಲಿಲ್ಲವೇ? ರೋಗಿಗಳು ಹೇಳುವುದನ್ನು ಕೂತು ಕೇಳಿದರೆ ಸಾಕು. ‘ಇಲೈನೈ 4000’ ತಂಡ ದಾರಿಯಲ್ಲಿ ಸಿಕ್ಕ ರೋಗಿಗಳ, ಅವರ ಮನೆಯವರ ಅನುಭವಗಳನ್ನು ದಾಖಲಿಸಿಕೊಳ್ಳುತ್ತದೆ. ‘ಟೆಕ್ಸಾಸ್ 4000’ ಸವಾರರು ಬೆಳಿಗ್ಗೆ ಸುತ್ತ ನಿಂತು ಆ ದಿನದ ಸವಾರಿ ಯಾರಿಗೆ ಅರ್ಪಣೆ ಎಂದು ಹೇಳಿ ಹೊರಡುತ್ತಾರೆ. ಐದು ನಿಮಿಷದ ಈ ಕ್ರಮವನ್ನು ಯಾವ ತಂಡವೂ ಅಳವಡಿಸಿಕೊಳ್ಳಬಹುದು.

ತಿರುಗಿ ಬಂದ ಮೇಲೆ

ಒಂದು ತಿಂಗಳೊಳಗೆ ಲೆಕ್ಕ ಮುಗಿಸಿ. ಬಂದದ್ದೆಷ್ಟು, ಸಂಸ್ಥೆಗೆ ಒಪ್ಪಿಸಿದ್ದೆಷ್ಟು, ಖರ್ಚಿನ ಖಾತೆಯಲ್ಲಿ ಉಳಿದದ್ದೆಷ್ಟು ಎಂಬ ಒಂದು ಪುಟದ ವರದಿ ಎಲ್ಲ ದಾನಿಗಳಿಗೂ ತಲುಪಲಿ, ಚಿಲ್ಲರೆ ಕೊಟ್ಟವರಿಗೂ. ಖರ್ಚಿನಲ್ಲಿ ಉಳಿದ ಹಣವನ್ನು ದೇಣಿಗೆಗೆ ಸೇರಿಸುವುದೋ ಮುಂದಿನ ವರ್ಷಕ್ಕೆ ಇಡುವುದೋ ಎಂಬುದು ಮೊದಲೇ ಬರೆದಿಟ್ಟ ನಿಯಮದಂತೆ ಆಗಲಿ. ಉಳಿದ ಟ್ಯೂಬು, ಉಪಕರಣ, ದಾನಿಗಳ ಪಟ್ಟಿ, ಯಾವ ಊರಲ್ಲಿ ಯಾರು ಇಳಿದುಕೊಳ್ಳಲು ಜಾಗ ಕೊಟ್ಟರು, ಯಾವ ರಸ್ತೆಯನ್ನು ಮುಂದಿನ ಸಲ ಬಿಡಬೇಕು ಎಂಬ ಟಿಪ್ಪಣಿ ಎಲ್ಲವನ್ನೂ ಕಿರಿಯ ವಿದ್ಯಾರ್ಥಿಗಳಿಗೆ ಒಪ್ಪಿಸಿ. ಪರೀಕ್ಷೆ ಹತ್ತಿರ ಬರುವ ಮುಂಚೆ ಇದು ಮುಗಿಯಬೇಕು. ಆಮೇಲೆ ಯಾರೂ ಕೈಗೆ ಸಿಗುವುದಿಲ್ಲ.