ಕಯಾಕ್‌ನಲ್ಲಿ ಕೂತು ಬಾಸ್ ಮೀನು ಹಿಡಿಯುವುದು ಹೇಗೆ?

ಊರಲ್ಲಿ ಗಾಳ ಹಾಕಿ ಗೊತ್ತಿರುವವರಿಗೆ ಫ್ಲೈ ಫಿಶಿಂಗ್ ಮೊದಲ ದಿನ ಪೂರ್ತಿ ಉಲ್ಟಾ ಕಾಣುತ್ತದೆ. ನಮ್ಮ ಗಾಳದಲ್ಲಿ ತೂಕ ಇರುವುದು ತುದಿಯ ಸೀಸದ ಗುಂಡಿನಲ್ಲಿ, ದಾರ ಅದರ ಹಿಂದೆ ಓಡುತ್ತದೆ. ಇಲ್ಲಿ ತುದಿಯ ಹುಳಕ್ಕೆ ತೂಕವೇ ಇಲ್ಲ. ದಪ್ಪನೆಯ ಲೈನೇ ತೂಕ, ಅದು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹುಳವನ್ನು ಎಳೆದುಕೊಂಡು ಹೋಗುತ್ತದೆ. ಆ ಹುಳವೂ ನಿಜವಾದದ್ದಲ್ಲ. ಕೊಕ್ಕೆಗೆ ಪುಕ್ಕ, ಫೋಮ್, ರಬ್ಬರ್ ಕಾಲು ಕಟ್ಟಿ ಮಾಡಿದ್ದು.

ನಾನು ಹೋಗುವುದು ಟೆಕ್ಸಸ್‌ನ ಆಸ್ಟಿನ್ ಊರಿನ ಮಧ್ಯದಲ್ಲೇ ಇರುವ ಲೇಡಿ ಬರ್ಡ್ ಲೇಕ್‌ಗೆ. ಹೆಸರಿಗೆ ಕೆರೆ, ಆದರೆ ಕೊಲೊರಾಡೊ ನದಿಗೆ 1960ರಲ್ಲಿ ಅಣೆ ಕಟ್ಟಿ ನಿಲ್ಲಿಸಿದ ನೀರು (ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೊ ಬೇರೆ, ಇದು ಬೇರೆ). ಪೆಟ್ರೋಲ್ ಮೋಟಾರ್ ದೋಣಿಗಳನ್ನು ಇಲ್ಲಿ ಬಿಡುವುದಿಲ್ಲ. ಹಾಗಾಗಿ ಕಯಾಕ್‌ಗೆ (ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಹೇಳಿ ಮಾಡಿಸಿದ ಜಾಗ.

ಮೊದಲು ಲೈಸೆನ್ಸ್. 17 ವರ್ಷ ತುಂಬಿದವರು ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಮೀನುಗಾರಿಕೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಮೀನು ಮನೆಗೆ ಒಯ್ಯುವ ಯೋಚನೆ ಇದ್ದರೆ ಆ ಕೆರೆಯ ಅಳತೆಯ ನಿಯಮವನ್ನೂ ಅಲ್ಲೇ ಓದಿಕೊಳ್ಳಿ. ಲೈಫ್ ಜಾಕೆಟ್ ಸೀಟಿನ ಹಿಂದೆ ಸಿಕ್ಕಿಸಿ ಇಡುವುದಲ್ಲ, ಹಾಕಿಕೊಳ್ಳುವುದು. ಒಂದು ವಿಸಲ್, ಮೂರು ಲೀಟರ್ ನೀರು, ಟೋಪಿ, ಉದ್ದ ತೋಳಿನ ಅಂಗಿ. ಆಗಸ್ಟ್‌ನಲ್ಲಿ ಇಲ್ಲಿ 38 ಡಿಗ್ರಿ ಅಂದರೆ ಮಾಮೂಲಿ ದಿನ.

ಸಾಮಾನು ಜಾಸ್ತಿ ಬೇಡ. ಒಂಬತ್ತು ಅಡಿಯ 6 ನಂಬರ್ ರಾಡ್ (ಗಾಳದ ಕೋಲು, ನಂಬರ್ ಅದು ಎಸೆಯುವ ಲೈನಿನ ತೂಕದ್ದು), ತೇಲುವ ಲೈನ್, ಅದರ ತುದಿಗೆ ಏಳೂವರೆ ಅಡಿಯ ಲೀಡರ್ (ಲೈನಿಗೂ ಹುಳಕ್ಕೂ ನಡುವಿನ ತೆಳು ದಾರ), ಕೊನೆ 10 ಅಥವಾ 12 ಪೌಂಡ್ ತಡೆಯುವ ನೈಲಾನ್ ಇರಲಿ. ಫ್ಲೋರೋಕಾರ್ಬನ್ ದಾರ ಒಳ್ಳೆಯದು ಅಂತ ಅಂಗಡಿಯವರು ಹೇಳಬಹುದು, ಆದರೆ ಅದು ಮುಳುಗುತ್ತದೆ, ತೇಲುವ ಹುಳದ ಮೂತಿಯನ್ನೂ ಕೆಳಗೆ ಎಳೆಯುತ್ತದೆ. ಹುಳದಲ್ಲಿ ಎರಡೇ ಬಗೆ ಸಾಕು. ಮೇಲೆ ತೇಲಿ 'ಪ್ಳಕ್' ಅನ್ನುವ ಪಾಪರ್, ಮುಳುಗಿ ಸಣ್ಣ ಮೀನಿನ ಹಾಗೆ ಓಡುವ ಕ್ಲೌಸರ್ ಮಿನ್ನೋ. ಕೊಕ್ಕೆ 4 ಅಥವಾ 6 ನಂಬರ್, ನಂಬರ್ ಕಡಿಮೆಯಾದಷ್ಟೂ ಕೊಕ್ಕೆ ದೊಡ್ಡದು. ತುದಿಯಲ್ಲಿ ಹಿಂದಕ್ಕೆ ಚಾಚಿರುವ ಸಣ್ಣ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಮಲಗಿಸಿ. ಮೀನಿಗೂ ಒಳ್ಳೆಯದು, ಗಾಳಿ ತಿರುಗಿದಾಗ ನಿಮ್ಮ ಕಿವಿಗೂ ಒಳ್ಳೆಯದು!

ಇನ್ನು ಹೊತ್ತು. ಬೇಸಿಗೆಯಲ್ಲಿ ಬಾಸ್ ಹಿಡಿಯುವವರು ಅಲಾರಂ ಇಟ್ಟುಕೊಳ್ಳಲೇಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಹತ್ತು ಗಂಟೆ ಆಗುತ್ತಿದ್ದಂತೆ ಮೀನು ನೆರಳಿಗೋ ಆಳಕ್ಕೋ ಸರಿಯುತ್ತದೆ. ಬೆಳಿಗ್ಗೆ ಕಣ್ಣಿಗೆ ದಡ ಕಾಣುವಷ್ಟು ಬೆಳಕಾದಾಗ ನೀರಿನಲ್ಲಿರಿ. ಅದಕ್ಕೂ ಮುಂಚೆ ಇಳಿಯುವುದಾದರೆ ಬಿಳಿ ದೀಪ ಬೇಕು. ಆಸ್ಟಿನ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಬಾರ್ಟನ್ ಸ್ಪ್ರಿಂಗ್ಸ್ ಎಂಬ ಒರತೆಯ ನೀರು ವರ್ಷವಿಡೀ ಸುಮಾರು 20 ಡಿಗ್ರಿಯಲ್ಲೇ ಇರುತ್ತದೆ, ಆ ಹಳ್ಳ ಬಂದು ಸೇರುವುದು ಇದೇ ಕೆರೆಗೆ. ಮೈ ಸುಡುವ ಬಿಸಿಲಿನ ದಿನ ಹಳ್ಳ ಸೇರುವ ಕಡೆ ನೀರಿಗೆ ಕೈ ಅದ್ದಿ ನೋಡಿ, ತಂಪು ಗೊತ್ತಾಗುತ್ತದೆ. ಕೈಗೆ ಗೊತ್ತಾಗಿದ್ದು ಮೀನಿಗೆ ಗೊತ್ತಾಗದೆ ಇರುತ್ತಾ?

ಈಗ ಎಸೆತ. ಹೊಸಬರು ಸೋಲುವುದು ಇಲ್ಲೇ, ದೂರ ಎಸೆಯುವ ಆಸೆಯಿಂದ. ಕಯಾಕ್‌ನಲ್ಲಿ ಕೂತಾಗ ನೀವು ನೀರಿಗಿಂತ ಅಷ್ಟೇನೂ ಎತ್ತರದಲ್ಲಿರುವುದಿಲ್ಲ. ನಿಂತು ಕಲಿತ ಹಾಗೇ ಬೀಸಿದರೆ ಹಿಂದಕ್ಕೆ ಹೋದ ಲೈನ್ ಸೀದಾ ನೀರಿಗೆ ಬಡಿಯುತ್ತದೆ. ಮೊಣಕೈ ಸ್ವಲ್ಪ ಮೇಲಿರಲಿ, ರಾಡನ್ನು ಹಿಂದೆ ಕಿವಿಯ ನೇರಕ್ಕೆ ಬಂದಾಗಲೇ ನಿಲ್ಲಿಸಿ, ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲು ಒಂದು ಕ್ಷಣ ಬಿಡಿ, ಆಮೇಲೆ ಮುಂದಕ್ಕೆ. ಗಾಳಿಯಲ್ಲಿ ಆಕಡೆ ಈಕಡೆ ಐದಾರು ಸಲ ಬೀಸುವುದು ಸಿನಿಮಾಕ್ಕೆ ಚೆಂದ, ಇಲ್ಲಿ ಒಂದೆರಡು ಸಾಕು. ಮೂವತ್ತು, ನಲವತ್ತು ಅಡಿ ಬಿದ್ದರೆ ಬೇಕಾದಷ್ಟಾಯಿತು. ಕಯಾಕ್ ಸದ್ದು ಮಾಡದೆ ಅಷ್ಟು ಹತ್ತಿರ ಹೋಗುತ್ತದೆ, ಅದಕ್ಕೇ ಅಲ್ವಾ ಅದರಲ್ಲಿ ಬಂದಿದ್ದು? ಹುಟ್ಟನ್ನು ಕಯಾಕ್‌ಗೆ ಕುಟ್ಟಬೇಡಿ, ಅಷ್ಟೇ.

ಲೈನ್ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಕಾಲಿನ ಹತ್ತಿರ ಇರುವ ಪ್ರತಿಯೊಂದು ಬಕಲ್, ಇಕ್ಕಳ, ಶೂ ಲೇಸ್ ಅದನ್ನು ಹಿಡಿದುಕೊಳ್ಳಲು ಕಾಯುತ್ತಿರುತ್ತದೆ. ನಾನು ತೊಡೆಯ ಮೇಲೆ ಒದ್ದೆ ಟವೆಲ್ ಹಾಸಿ ಅದರ ಮೇಲೆ ಲೈನ್ ಬಿಡುತ್ತೇನೆ. ಸಣ್ಣ ಲಂಗರು ಇದ್ದರೆ ಒಳ್ಳೆಯದು, ಆದರೆ ಮೂತಿಗೋ ಬಾಲಕ್ಕೋ ಕಟ್ಟಿ, ಪಕ್ಕಕ್ಕೆ ಮಾತ್ರ ಬೇಡ. ಒಮ್ಮೆ ಸೋಮಾರಿತನದಿಂದ ಸೀಟಿನ ಪಕ್ಕದ ಹಿಡಿಗೇ ಕಟ್ಟಿದ್ದೆ. ಗಾಳಿ ತಳ್ಳಿತು, ಹಗ್ಗ ಬಿಗಿಯಿತು, ಕಯಾಕ್ ವಾಲಿತು. ನಾನು ಉಳಿದೆ, ಹುಳದ ಡಬ್ಬಿ ಉಳಿಯಲಿಲ್ಲ.

ದಡಕ್ಕೆ ಬಾಗಿದ ಸೈಪ್ರೆಸ್ ಮರ, ಅದರ ಕೆಳಗೆ ಕಪ್ಪು ನೆರಳು. ಪಾಪರ್ ಅಲ್ಲಿ ಬಿತ್ತು ಅಂದುಕೊಳ್ಳಿ. ಈಗ ಏನೂ ಮಾಡಬೇಡಿ. ಸುಮ್ನೆ ಇರಿ. ಬಿದ್ದ ಜಾಗದಿಂದ ಅಲೆಯ ಉಂಗುರ ಹರಡಿ ಹರಡಿ ಅಳಿಸಿ ಹೋಗುವವರೆಗೆ ಕೈ ಅಲ್ಲಾಡಬಾರದು. ರಬ್ಬರ್ ಕಾಲುಗಳು ತಾವಾಗಿಯೇ ಸ್ವಲ್ಪ ನಡುಗುತ್ತಿರುತ್ತವೆ, ಕೆಳಗಿರುವವನು ಅದನ್ನೇ ನೋಡುತ್ತಿರುತ್ತಾನೆ. ಆಮೇಲೆ ಎಡಗೈಯಿಂದ ಲೈನನ್ನು ಒಂದು ಗೇಣು ಜಗ್ಗಿ, ಪ್ಳಕ್. ಮತ್ತೆ ಕಾಯಿರಿ. ನನಗೆ ಬಂದ ಮೀನುಗಳಲ್ಲಿ ಮುಕ್ಕಾಲು ಪಾಲು ಬಂದಿದ್ದು ಈ ಕಾಯುವಾಗಲೇ.

ನೀರು ಒಡೆದ ತಕ್ಷಣ ರಾಡ್ ಎತ್ತಬೇಕು ಅನ್ನಿಸುತ್ತದೆ. ಎತ್ತಬೇಡಿ. ಎತ್ತಿದರೆ ಹುಳ ಬಾಯಿಂದ ಹಾರಿ ನಿಮ್ಮ ಮುಖಕ್ಕೇ ಬರುತ್ತದೆ. ರಾಡ್ ಮೀನಿನ ಕಡೆಗೇ ಇರಲಿ, ಎಡಗೈಯಿಂದ ಲೈನನ್ನು ಉದ್ದಕ್ಕೆ ಬಲವಾಗಿ ಎಳೆಯಿರಿ, ಭಾರ ಸಿಕ್ಕಿದ ಮೇಲೆ ರಾಡ್ ಎತ್ತಿ. ದೊಡ್ಡದಾದರೆ ಕಯಾಕನ್ನೇ ಸುತ್ತಿಸುತ್ತದೆ, ಅದು ಬೇರೆ ಮಜಾ.

ಬಿಸಿಲು ಏರಿದ ಮೇಲೆ ಪಾಪರ್ ಬಿಚ್ಚಿ ಕ್ಲೌಸರ್ ಕಟ್ಟಿ, ಜೊಂಡಿನ ಅಂಚಿನಲ್ಲಿ ಮುಳುಗಿಸಿ ಎಳೆಯಿರಿ. ನಾನಂತೂ ಆಗ ಮನೆಗೆ ಹೋಗುತ್ತೇನೆ. ಸಂಜೆ ಮತ್ತೆ ಬಂದರೆ ಕಾಂಗ್ರೆಸ್ ಅವೆನ್ಯೂ ಸೇತುವೆಯ ಕೆಳಗಿನಿಂದ ಲಕ್ಷಗಟ್ಟಲೆ ಬಾವಲಿಗಳು ಹೊರಡುವುದನ್ನೂ ನೋಡಬಹುದು. ದೂರದಲ್ಲಿ ಗುಡುಗು ಕೇಳಿದರೆ ಮಾತ್ರ ಕೂಡಲೇ ದಡಕ್ಕೆ. ನಿಮ್ಮ ಕೈಯಲ್ಲಿರುವುದು ಒಂಬತ್ತು ಅಡಿಯ ಗ್ರಾಫೈಟ್ ಕೋಲು, ಸಿಡಿಲಿಗೆ ಒಳ್ಳೆಯ ದಾರಿ.

ಹಿಡಿದ ಬಾಸ್ ಅನ್ನು ಕೆಳದುಟಿಗೆ ಹೆಬ್ಬೆರಳು ಹಾಕಿ ನೇರವಾಗಿ ತೂಗಿಸಿ ಹಿಡಿಯಿರಿ, ಅಡ್ಡ ಮಲಗಿಸಿದರೆ ದವಡೆಗೆ ಪೆಟ್ಟು. ಬಾಯಿಯ ತುದಿ ಕಣ್ಣನ್ನು ದಾಟಿದ್ದರೆ ಲಾರ್ಜ್‌ಮೌತ್. ದಾಟದೆ ಇದ್ದು ಮೈ ಪಕ್ಕದಲ್ಲಿ ಹಸಿರು ಕಪ್ಪು ಮಚ್ಚೆ ಇದ್ದರೆ ಅದು ಗ್ವಾಡಲೂಪ್ ಬಾಸ್ ಇರಬಹುದು. ಟೆಕ್ಸಸ್ ಬಿಟ್ಟು ಬೇರೆಲ್ಲೂ ಇಲ್ಲದ, ಆ ರಾಜ್ಯದ ಅಧಿಕೃತ ಮೀನು. ಬಿಸಿ ನೀರಿನಲ್ಲಿ ಮೀನು ಬೇಗ ಸುಸ್ತಾಗುತ್ತದೆ. ಫೋಟೊ ಒಂದೇ, ಬೇಗ ಬಿಡಿ.

ದಡಕ್ಕೆ ಬಂದ ಮೇಲೆ ಕಯಾಕ್ ಮಗುಚಿ ಒಳಗಿನ ನೀರೆಲ್ಲ ಚೆಲ್ಲಿ. ಈ ಕೆರೆಯಲ್ಲಿ ಝೀಬ್ರಾ ಮಸಲ್ ಎಂಬ ಸಣ್ಣ ಕಪ್ಪೆಚಿಪ್ಪು ಸೇರಿಕೊಂಡಿದೆ. ಅದರ ಮರಿ ಕಣ್ಣಿಗೆ ಕಾಣದು, ಉಳಿದ ನೀರಿನಲ್ಲೇ ಇನ್ನೊಂದು ಕೆರೆಗೆ ಪ್ರಯಾಣ ಮಾಡುತ್ತದೆ. ನೀರು ಚೆಲ್ಲುವುದು ಇಲ್ಲಿ ಕಾನೂನೇ. ಚೆಲ್ಲಿ, ಒರೆಸಿ, ವಾರ ಪೂರ್ತಿ ಬಿಸಿಲಲ್ಲಿ ಬಿಡಿ. ಬಿಸಿಲಿಗೇನು ಬರ ಇಲ್ಲ.