ಲಂಡನ್‌ಗೆ ಹೊರಟವರಿಗೆ: ಮೊದಲ ಭಾನುವಾರ ಬಸವಣ್ಣನ ಹತ್ತಿರ ಹೋಗಿ

ನಾನು ರಜೆಗೆ ಶಿಕಾರಿಪುರಕ್ಕೆ ಬಂದಾಗಲೆಲ್ಲ ಲಂಡನ್‌ಗೆ ಓದಲು ಹೊರಟ ಇಬ್ಬರು ಮೂವರು ಮಕ್ಕಳು ಮನೆಗೆ ಬರುತ್ತಾರೆ. ಕುಕ್ಕರ್, ಉಪ್ಪಿನಕಾಯಿ, ಜಾಕೆಟ್ ವಿಚಾರ ಎಲ್ಲರೂ ಕೇಳುತ್ತಾರೆ. ಅದರ ಜೊತೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಮೊದಲ ಭಾನುವಾರ ರೂಮಿನಲ್ಲಿ ಸುಮ್ನೆ ಕೂರಬೇಡಿ, ಬಸವಣ್ಣನ ಹತ್ತಿರ ಹೋಗಿ.

ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯ ಪಕ್ಕ ಬಸವೇಶ್ವರರ ಪ್ರತಿಮೆ ಇದೆ. ಪ್ರಧಾನಿ ನರೇಂದ್ರ ಮೋದಿ 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ಎದೆಮಟ್ಟದ ಮೂರ್ತಿ, ತುಂಬಾ ದೊಡ್ಡದೇನಲ್ಲ. ಆದರೆ ನಮ್ಮ ತಾಲ್ಲೂಕಿನವರಿಗೆ ಅದು ಬೇರೆಯೇ. ಅಲ್ಲಮಪ್ರಭು ಬಳ್ಳಿಗಾವಿಯವರು. ಅಕ್ಕಮಹಾದೇವಿ ಉಡುತಡಿಯವರು. ಇಬ್ಬರೂ ಇಲ್ಲಿಂದ ಹೊರಟು ಕಲ್ಯಾಣಕ್ಕೆ, ಬಸವಣ್ಣನ ಬಳಿಗೆ ಹೋದವರು. ನೀವೂ ಇಲ್ಲಿಂದಲೇ ಹೊರಟವರು, ಅಲ್ವಾ? ಮೊದಲ ಸಲ ಅಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತ್ತು.

ವಾಕ್ಸ್‌ಹಾಲ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ನನಗೆ ಇಷ್ಟದ ದಾರಿ ಬೇರೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದರೆ ಎದುರಿಗೇ ಪಾರ್ಲಿಮೆಂಟ್ ಸ್ಕ್ವೇರ್. ಅಲ್ಲಿ ಚರ್ಚಿಲ್ ಇದ್ದಾರೆ, ಮಂಡೇಲಾ ಇದ್ದಾರೆ, 2015ರಿಂದ ಗಾಂಧೀಜಿಯೂ ಇದ್ದಾರೆ. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡಿದ ಮಿಲಿಸೆಂಟ್ ಫಾಸೆಟ್ ಅವರ ಪ್ರತಿಮೆ ಬಂದದ್ದು 2018ರಲ್ಲಿ. ಆ ಚೌಕದಲ್ಲಿ ಹೆಣ್ಣಿನ ಪ್ರತಿಮೆ ಅದೇ ಮೊದಲು. ಅಲ್ಲಿಂದ ನದಿ ಹಿಡಿದು ನಡೆದು, ಲ್ಯಾಂಬೆತ್ ಸೇತುವೆ ದಾಟಿ ಬಲಕ್ಕೆ ತಿರುಗಿ.

ಇನ್ನೊಂದು ದಿನ ಯೂಸ್ಟನ್ ಸ್ಟೇಷನ್ ಕಡೆ ಹೋಗಿ. ಟ್ಯಾವಿಸ್ಟಾಕ್ ಸ್ಕ್ವೇರ್‌ನಲ್ಲಿ ಗಾಂಧೀಜಿ ಕಾಲು ಮಡಚಿ ಕೂತಿದ್ದಾರೆ, 1968ರಿಂದ. ಪಕ್ಕದ ಗೋರ್ಡನ್ ಸ್ಕ್ವೇರ್‌ನಲ್ಲಿ ರವೀಂದ್ರನಾಥ ಟ್ಯಾಗೋರ್ ಇದ್ದಾರೆ. ನೂರ್ ಇನಾಯತ್ ಖಾನ್ ಕೂಡ ಅಲ್ಲೇ. ನೂರ್ ನಮ್ಮ ಟಿಪ್ಪು ಸುಲ್ತಾನನ ವಂಶದವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಪರವಾಗಿ ಗುಟ್ಟಾಗಿ ಫ್ರಾನ್ಸಿಗೆ ಹೋಗಿ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದರು. ಸಿಕ್ಕಿಬಿದ್ದರು. 1944ರಲ್ಲಿ ನಾಜಿಗಳು ಕೊಂದಾಗ ಬರೀ 30 ವರ್ಷ. ಆ ಮೂರ್ತಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಓಡಬೇಡಿ.

ಇದ್ಯಾವುದಕ್ಕೂ ಟಿಕೆಟ್ ಇಲ್ಲ. ಆಗುಂಬೆ ಮಳೆ ಕಂಡವರಿಗೆ ಅಲ್ಲಿನ ಜಿಟಿಜಿಟಿ ಮಳೆ ಏನೂ ಅಲ್ಲ. ಆದರೆ ಗಾಳಿ ಜಾಸ್ತಿ, ಕೊಡೆ ನಿಲ್ಲುವುದಿಲ್ಲ. ಟೋಪಿ ಇರುವ ಜಾಕೆಟ್ ಹಾಕಿಕೊಳ್ಳಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ, ಬೆಳಗ್ಗೆಯೇ ಹೊರಡಿ. ಬಸವ ಜಯಂತಿಗೆ ನಮ್ಮವರು ಆ ದಂಡೆಯಲ್ಲಿ ಸೇರುತ್ತೇವೆ. ನಾನೂ ಅಲ್ಲಿರುತ್ತೇನೆ, ಸಂಕೋಚ ಬೇಡ, ಬಂದು ಮಾತಾಡಿಸಿ.