ಗಿಟಾರ್ ಧ್ವನಿಮುದ್ರಣದ ಗುಂಯ್ ಸದ್ದು ಹೋದದ್ದು ಹೀಗೆ

ಮನೆಯಲ್ಲಿ ಮುದ್ರಿಸಿಕೊಂಡ ಅಕೌಸ್ಟಿಕ್ ಗಿಟಾರ್‌ನಲ್ಲಿ ಗುಂಯ್ ಎನ್ನುವ ದಪ್ಪ ದನಿಯೊಂದು ತಂತಿಗಳ ಸ್ಪಷ್ಟತೆಯನ್ನೆಲ್ಲ ನುಂಗಿಹಾಕುತ್ತಿತ್ತು. ಇದರ ಮೂಲ ಗಿಟಾರಿನ ಹೊಟ್ಟೆಯಲ್ಲಿದೆ: ಒಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸಿ, ದುಂಡು ರಂಧ್ರದಿಂದ ಹೊರನುಗ್ಗುತ್ತದೆ. ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಹತ್ತಿರವಿದ್ದಷ್ಟೂ ಆ ಕೆಳಸ್ಥಾಯಿಯನ್ನು ಇನ್ನಷ್ಟು ಹಿಗ್ಗಿಸುತ್ತದೆ.

ಯುಎಸ್‌ಬಿ ಮೈಕನ್ನು ರಂಧ್ರದ ಎದುರಿನಿಂದ ಸರಿಸಿ, ಗಿಟಾರ್ ಕತ್ತಿನ 12ನೇ ಫ್ರೆಟ್‌ನ (ಅಡ್ಡಪಟ್ಟಿಯ) ಮುಂದೆ ಒಂದು ಗೇಣಿಗಿಂತ ತುಸು ದೂರದಲ್ಲಿ ನಿಲ್ಲಿಸಿದೆ. ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತ ಕುರ್ಚಿಯನ್ನು ಎರಡು ಬೆರಳಿನಷ್ಟು ಆಚೀಚೆ ಜರುಗಿಸಿದರೂ ಸಾಕು, ದನಿಯ ಬಣ್ಣವೇ ಬದಲಾಗುತ್ತದೆ. ಪಿಕ್ ತಂತಿಗೆ ತಾಗುವ ಸಣ್ಣ ‘ಟಿಕ್’ ಬಿಡಿಯಾಗಿ ಕೇಳಿಸಿದ ಜಾಗವನ್ನೇ ಗಟ್ಟಿಮಾಡಿಕೊಂಡೆ.

ಉಳಿದದ್ದು ಕೋಣೆಯ ಪ್ರತಿಧ್ವನಿ. ದುಬಾರಿ ಫೋಮ್ ಹಲಗೆಗಳ ಗೊಡವೆಗೆ ಹೋಗಲಿಲ್ಲ. ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟೆ. ಫ್ಯಾನ್ ಆರಿಸಲೇಬೇಕು, ಬೇಸಿಗೆಯಲ್ಲಿ ಅದೇ ದೊಡ್ಡ ಶಿಕ್ಷೆ. ಜೋರಾಗಿ ನುಡಿಸಿದಾಗಲೂ ಮೀಟರ್ ಮೈನಸ್ 10 ಡೆಸಿಬಲ್ ದಾಟದಂತೆ ಗೇನ್ (ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿಕೊಂಡೆ.

ಕೊನೆಗೆ ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ 70 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರ್‌ನಿಂದ ತಗ್ಗಿಸಿದೆ. ಸಾಮಾನ್ಯ ಶ್ರುತಿಯಲ್ಲಿ ಅತಿ ದಪ್ಪ ತಂತಿಯ ಸ್ವರವೇ ಸುಮಾರು 82 ಹರ್ಟ್ಸ್. ಅದಕ್ಕಿಂತ ಕೆಳಗೆ ನನಗೆ ಸಿಕ್ಕಿದ್ದು ರಸ್ತೆಯ ಲಾರಿಗಳ ಗುಡುಗು ಮಾತ್ರ.